ಡಿಸೆಪ್ಷನ್ ದ್ವೀಪದ ಕರಿಮರಳಿನ ಮೇಲೆ ಕಾಲಿಡಬೇಕೆಂದಿದ್ದರೆ

ನಾನು ಅಂಟಾರ್ಕ್ಟಿಕಕ್ಕೆ ಹೋಗಿಬಂದ ಸುದ್ದಿ ಹರಡಿದ ಮೇಲೆ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಓದುಗರು ಹೆಚ್ಚುಕಡಿಮೆ ಅವೇ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಿದ್ದಾರೆ: ವೀಸಾ ಯಾರು ಕೊಡುತ್ತಾರೆ, ಚಳಿ ತಡೆದುಕೊಳ್ಳಲು ಆಗುತ್ತದೆಯೇ, ಎಷ್ಟು ಖರ್ಚಾಗುತ್ತದೆ, ನಮ್ಮ ದೇಶದ ಮೈತ್ರಿ ಸಂಶೋಧನಾ ನಿಲ್ದಾಣವನ್ನು ನೋಡಬಹುದೇ. ಕೊನೆಯದಕ್ಕೆ ಮೊದಲೇ ಉತ್ತರಿಸಿಬಿಡುತ್ತೇನೆ. ನೋಡಲಾಗುವುದಿಲ್ಲ. ಮೈತ್ರಿ ಮತ್ತು ಭಾರತಿ ನಿಲ್ದಾಣಗಳೆರಡೂ ಪೂರ್ವ ಅಂಟಾರ್ಕ್ಟಿಕದಲ್ಲಿವೆ. ದಕ್ಷಿಣ ಅಮೆರಿಕದ ತುದಿಯಿಂದ ಹೊರಡುವ ಪ್ರವಾಸಿ ಹಡಗುಗಳು ಹೋಗುವ ಅಂಟಾರ್ಕ್ಟಿಕ ಪರ್ಯಾಯದ್ವೀಪದಿಂದ ಅವು ಸಾವಿರಾರು ಕಿಲೋಮೀಟರ್ ದೂರ.

ಉಳಿದ ಪ್ರಶ್ನೆಗಳಿಗೆ ಒಂದೇ ದ್ವೀಪವನ್ನು ಹಿಡಿದು ಉತ್ತರಿಸುವುದು ಸುಲಭ. ಆ ಪರ್ಯಾಯದ್ವೀಪದ ಹತ್ತಿರವಿರುವ ದಕ್ಷಿಣ ಷೆಟ್ಲೆಂಡ್ ದ್ವೀಪಸಮೂಹದ ಡಿಸೆಪ್ಷನ್ ದ್ವೀಪವು ಸುಮಾರು 63 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದೆ. ಅದು ಇಂದಿಗೂ ಜೀವಂತವಾಗಿರುವ ಜ್ವಾಲಾಮುಖಿ; ಅದರ ಬಾಯಿ ಕುಸಿದು, ಒಳಗೆ ಸಮುದ್ರ ನುಗ್ಗಿ, ಕುದುರೆಯ ಲಾಳದಂತಹ ಆಕಾರ ಬಂದಿದೆ. ಹೊರಗಿನಿಂದ ಇಡಿಯಾದ ಗುಡ್ಡದಂತೆ ಕಂಡು ಒಳಗೆ ಟೊಳ್ಳಾಗಿರುವುದರಿಂದಲೇ ಅದಕ್ಕೆ ವಂಚನೆ ಎಂಬ ಅರ್ಥದ ಹೆಸರು. ಬೇಸಿಗೆಯಲ್ಲಿ ಸ್ಪೇನ್ ಮತ್ತು ಅರ್ಜೆಂಟೀನಾದ ಸಂಶೋಧಕರು ಬಂದಿದ್ದು ಹೋಗುವುದನ್ನು ಬಿಟ್ಟರೆ ಅಲ್ಲಿ ಜನವಸತಿ ಇಲ್ಲ. ಹೋಟೆಲ್ಲು, ಜೆಟ್ಟಿ, ಶೌಚಾಲಯ ಯಾವುದೂ ಇಲ್ಲ.

1. ಮೊದಲು ಹಡಗು, ಆಮೇಲೆ ಬೆಲೆ

ಎಲ್ಲರೂ ಬೆಲೆಯಿಂದ ಆರಂಭಿಸುತ್ತಾರೆ, ತಪ್ಪಾಗುವುದು ಅಲ್ಲಿಯೇ. ನೀವು ಕೇಳಬೇಕಾದ ಮೊದಲ ಪ್ರಶ್ನೆ, ಈ ಹಡಗಿನಲ್ಲಿ ಎಷ್ಟು ಪ್ರಯಾಣಿಕರಿರುತ್ತಾರೆ ಮತ್ತು ಅವರೆಲ್ಲರೂ ನೆಲಕ್ಕಿಳಿಯುತ್ತಾರೆಯೇ ಎಂಬುದು. 1991ರಲ್ಲಿ ಸ್ಥಾಪನೆಯಾದ ಐಎಎಟಿಒ, ಅಂದರೆ ಅಂಟಾರ್ಕ್ಟಿಕ ಪ್ರವಾಸ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘದ ನಿಯಮದಂತೆ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ಅಂತಹ ಹಡಗು ಮಂಜುಗಡ್ಡೆಗಳ ನಡುವೆ ಸುತ್ತು ಹಾಕಿ ಹಿಂದಿರುಗುತ್ತದೆ, ನೀವು ಬಾಲ್ಕನಿಯಿಂದಲೇ ನೋಡುತ್ತೀರಿ. ನನಗೆ ಪರಿಚಯದ ದಂಪತಿ ಇದನ್ನು ತಿಳಿಯದೆ ಹಣ ಕಟ್ಟಿದ್ದರು. ಪ್ರವಾಸದ ಏಜೆಂಟರ ಕರಪತ್ರದಲ್ಲಿ ಪೆಂಗ್ವಿನ್ನಿನ ದೊಡ್ಡ ಚಿತ್ರವಿತ್ತು, ಇಳಿಯುವುದಿಲ್ಲವೆಂಬ ಮಾತು ಸಣ್ಣ ಅಕ್ಷರದಲ್ಲಿತ್ತು.

500ರ ಒಳಗಿದ್ದರೂ ಲೆಕ್ಕ ಮುಗಿಯುವುದಿಲ್ಲ. ಒಂದು ಜಾಗದಲ್ಲಿ ಏಕಕಾಲಕ್ಕೆ 100ಕ್ಕಿಂತ ಹೆಚ್ಚು ಪ್ರವಾಸಿಗರು ನೆಲದ ಮೇಲೆ ಇರುವಂತಿಲ್ಲ. 95 ಜನರ ಹಡಗಾದರೆ ಎಲ್ಲರೂ ಒಟ್ಟಿಗೆ ಇಳಿಯಬಹುದು. 190 ಜನರಿದ್ದರೆ ಎರಡು ಸರದಿ. 450 ಜನರಿದ್ದರೆ ಐದು. ಹವಾಮಾನ ಚೆನ್ನಾಗಿರುವುದು ಅರ್ಧ ದಿನ ಮಾತ್ರವಾದರೆ ಐದನೆಯ ಸರದಿಯವರಿಗೆ ಎಷ್ಟು ಹೊತ್ತು ಸಿಕ್ಕೀತೆಂದು ನೀವೇ ಊಹಿಸಿ. ಆದ್ದರಿಂದ ಹಡಗಿನಲ್ಲಿ ಈಜುಕೊಳವಿದೆಯೇ ಎಂದು ಕೇಳುವುದಕ್ಕಿಂತ 200ರೊಳಗಿನ ಸಂಖ್ಯೆಯನ್ನು ಹುಡುಕುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಯಾವ ಸಂಸ್ಥೆಯೂ ಡಿಸೆಪ್ಷನ್ ದ್ವೀಪವನ್ನು ಖಚಿತವಾಗಿ ತೋರಿಸುತ್ತೇವೆಂದು ಬರೆದುಕೊಡುವುದಿಲ್ಲ; ಬರೆದುಕೊಟ್ಟರೆ ಅನುಮಾನಪಡಿ. ಗಾಳಿ, ಮಂಜುಗಡ್ಡೆ ಮತ್ತು ಇತರ ಹಡಗುಗಳ ಸರದಿಯನ್ನು ನೋಡಿ ಕ್ಯಾಪ್ಟನ್ ಮತ್ತು ಯಾನದ ಮುಖ್ಯಸ್ಥರು ಅಂದಂದಿನ ತೀರ್ಮಾನವನ್ನು ಅಂದಂದೇ ತೆಗೆದುಕೊಳ್ಳುತ್ತಾರೆ. ದಕ್ಷಿಣ ಷೆಟ್ಲೆಂಡ್‌ನಲ್ಲಿ ಕನಿಷ್ಠ ಒಂದೆರಡು ದಿನ ಕಳೆಯುವ ಯಾನವನ್ನು ಆರಿಸಿಕೊಂಡರೆ ಅವಕಾಶ ಹೆಚ್ಚುತ್ತದೆ.

2. ಯಾವ ತಿಂಗಳು, ಯಾವ ದಾರಿ

ಹಡಗುಗಳು ಓಡಾಡುವುದು ಮುಖ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ನವೆಂಬರಿನಲ್ಲಿ ಹಿಮ ಕಲೆಯಿಲ್ಲದೆ ಬೆಳ್ಳಗಿರುತ್ತದೆ, ಡಿಸೆಂಬರ್ ಕೊನೆಯಿಂದ ಜನವರಿಯಲ್ಲಿ ಪೆಂಗ್ವಿನ್ ಮರಿಗಳು ಹೊರಬರುತ್ತವೆ, ಫೆಬ್ರುವರಿ ಮತ್ತು ಮಾರ್ಚ್ ತಿಮಿಂಗಿಲಗಳ ಕಾಲ. ಹೆಚ್ಚಿನ ಯಾನಗಳು ಅರ್ಜೆಂಟೀನಾದ ಉಷುವಾಯಾ ಬಂದರಿನಿಂದ ಹೊರಟು, ಡ್ರೇಕ್ ಜಲಮಾರ್ಗವನ್ನು ಎರಡು ದಿನಗಳಲ್ಲಿ ದಾಟುತ್ತವೆ. ಚಿಲಿಯ ಪುಂಟಾ ಅರೆನಾಸ್‌ನಿಂದ ದಕ್ಷಿಣ ಷೆಟ್ಲೆಂಡ್‌ನ ಕಿಂಗ್ ಜಾರ್ಜ್ ದ್ವೀಪಕ್ಕೆ ಸುಮಾರು ಎರಡು ಗಂಟೆಗಳಲ್ಲಿ ಹಾರಿ ಅಲ್ಲಿ ಹಡಗು ಹತ್ತುವ ಯಾನಗಳೂ ಇವೆ. ಹೊಟ್ಟೆ ತೊಳಸುವ ಭಯವಿದ್ದವರಿಗೆ ಅದು ಅನುಕೂಲವೇ, ಆದರೆ ಮೋಡ ಕವಿದರೆ ವಿಮಾನವೂ ಹಾರುವುದಿಲ್ಲ.

3. ಕಾಗದಪತ್ರ ಮತ್ತು ಹಣ

ಅಂಟಾರ್ಕ್ಟಿಕಕ್ಕೆ ವೀಸಾ ಕೊಡುವ ಸರ್ಕಾರವೇ ಇಲ್ಲ. 1959ರ ಡಿಸೆಂಬರ್ 1ರಂದು ಸಹಿಯಾಗಿ 1961ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ ಒಪ್ಪಂದವು 60 ಡಿಗ್ರಿ ದಕ್ಷಿಣದ ಕೆಳಗಿನ ಪ್ರದೇಶವನ್ನು ಶಾಂತಿ ಮತ್ತು ವಿಜ್ಞಾನಕ್ಕೆ ಮೀಸಲಿಟ್ಟಿದೆ; ಭಾರತ ಅದಕ್ಕೆ ಸೇರಿದ್ದು 1983ರಲ್ಲಿ. ನಮ್ಮ ದೇಶದ 2022ರ ಅಂಟಾರ್ಕ್ಟಿಕ ಕಾಯ್ದೆಯೂ ಅನುಮತಿಯಿಲ್ಲದೆ ಅಲ್ಲಿಗೆ ಹೋಗುವುದನ್ನು ನಿಷೇಧಿಸುತ್ತದೆ, ಆದರೆ ಒಪ್ಪಂದದ ಮತ್ತೊಂದು ಸದಸ್ಯ ದೇಶ ಕೊಟ್ಟ ಲಿಖಿತ ಅನುಮತಿಯನ್ನು ಒಪ್ಪಿಕೊಳ್ಳುತ್ತದೆ. ನಿಮ್ಮ ಹಡಗಿನ ಸಂಸ್ಥೆ ಅಂತಹ ಅನುಮತಿಯನ್ನು ಪಡೆದಿರುತ್ತದೆ. ಯಾವ ದೇಶದಿಂದ ಎಂದು ಒಂದು ಸಾಲಿನ ಪತ್ರ ಬರೆದು ಕೇಳಿ ಉತ್ತರವನ್ನು ಇಟ್ಟುಕೊಳ್ಳಿ.

ನಿಮಗೆ ಬೇಕಾಗುವುದು ಹಡಗು ಹೊರಡುವ ದೇಶದ ವೀಸಾ. ಅರ್ಜೆಂಟೀನಾಕ್ಕೆ ದೆಹಲಿಯಲ್ಲಿ ರಾಯಭಾರ ಕಚೇರಿ, ಮುಂಬೈಯಲ್ಲಿ ಕಾನ್ಸುಲೇಟ್ ಇವೆ. ಅಮೆರಿಕದ ವೀಸಾ ಇದ್ದವರಿಗೆ ಸಿಗುವ ವಿನಾಯಿತಿಗಳು ಆಗಾಗ ಬದಲಾಗುವುದರಿಂದ, ಟಿಕೆಟ್ಟಿಗೆ ಮೊದಲು ಆ ಕಚೇರಿಗಳ ಅಧಿಕೃತ ಸೂಚನೆಯನ್ನೇ ಓದಿ. ಯಾನವು ಫಾಕ್‌ಲ್ಯಾಂಡ್ ದ್ವೀಪಗಳನ್ನು ಮುಟ್ಟಿ ಬರುವುದಾದರೆ, ಅಥವಾ ಹೋಗುವ ಬಂದರೊಂದು ಹಿಂದಿರುಗುವ ಬಂದರೊಂದು ಆದರೆ, ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಬಹುದಾದ ವೀಸಾ ಬೇಕೇ ಎಂಬುದನ್ನು ಸಂಸ್ಥೆಯಿಂದ ಲಿಖಿತವಾಗಿ ತಿಳಿದುಕೊಳ್ಳಿ. ಪಾಸ್‌ಪೋರ್ಟಿನ ಅವಧಿ ಹಿಂದಿರುಗುವ ದಿನದಿಂದಾಚೆಗೂ 6 ತಿಂಗಳು ಇರಲಿ. ಅದರ ನವೀಕರಣಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. 2017ರಿಂದ ಮೈಸೂರಿನಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ.

ಬಹುತೇಕರು ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಕೊರೆಯುವ ಚಳಿಯ ಊರಿಗೆ ಹೋಗುವವರಿಗೆ ಸೊಳ್ಳೆಯ ಜ್ವರದ ಲಸಿಕೆ ಏಕೆಂದು ಅನ್ನಿಸುವುದು ಸಹಜ. ಆದರೆ ಭಾರತ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿ ಅರ್ಜೆಂಟೀನಾ ಮತ್ತು ಬ್ರೆಜಿಲ್ ಎರಡೂ ಇವೆ. ಆ ದೇಶಗಳಿಂದ ಬರುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಪ್ರಮಾಣಪತ್ರಕ್ಕೆ ಮಾನ್ಯತೆ ಬರುವುದು 10 ದಿನಗಳ ಬಳಿಕ, ಒಮ್ಮೆ ಬಂದರೆ ಜೀವನಪೂರ್ತಿ ಸಾಕು. 60 ದಾಟಿದವರಿಗೂ ಮೊಟ್ಟೆಯ ಅಲರ್ಜಿ ಇರುವವರಿಗೂ ಈ ಲಸಿಕೆ ಅಪಾಯಕಾರಿಯಾಗಬಹುದಾದ್ದರಿಂದ, ಪ್ರವಾಸದ ಹಣ ಕಟ್ಟುವ ಮೊದಲೇ ವೈದ್ಯರನ್ನು ಕಾಣಬೇಕು.

ಹಡಗಿನ ಶುಲ್ಕವೇ ಒಬ್ಬರಿಗೆ ಹಲವು ಲಕ್ಷ ರೂಪಾಯಿ; ಅದರ ಮೇಲೆ ವಿಮಾನ, ವಿಮೆ, ಹಡಗಿನ ಸಿಬ್ಬಂದಿಗೆ ಕೊಡುವ ಭಕ್ಷೀಸು. ಮೂವರು ಹಂಚಿಕೊಳ್ಳುವ ಕ್ಯಾಬಿನ್ ಅಗ್ಗ. ವಿದೇಶ ಪ್ರವಾಸದ ಪ್ಯಾಕೇಜಿಗೆ ಇಲ್ಲಿ ಹಣ ಕಟ್ಟುವಾಗ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾದರೂ, ಹಿಡಿದ ಹಣವನ್ನು ಆದಾಯ ತೆರಿಗೆಯ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ವಿಮೆಯಲ್ಲಿ ಕಡ್ಡಾಯವಾಗಿ ನೋಡಬೇಕಾದ ಸಾಲು ತುರ್ತು ವೈದ್ಯಕೀಯ ಸ್ಥಳಾಂತರದ್ದು. ವಿಶ್ವಾದ್ಯಂತ ಅನ್ವಯ ಎಂದು ಬರೆದ ಪಾಲಿಸಿಗಳೂ ಅಂಟಾರ್ಕ್ಟಿಕವನ್ನು ಹೊರಗಿಟ್ಟಿರಬಹುದು, ಹಾಗಾಗಿ ಅದರ ಹೆಸರು ಪಾಲಿಸಿಯಲ್ಲಿ ಇದೆಯೇ ಎಂದು ನೋಡಿ.

4. ಬಟ್ಟೆ, ಮತ್ತು ಬಟ್ಟೆಗೆ ಅಂಟಿದ ಬೀಜ

ಬೇಸಿಗೆಯಲ್ಲಿ ಅಲ್ಲಿನ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಕಾಡುವುದು ಗಾಳಿ ಮತ್ತು ಒದ್ದೆ. ಒಂದೇ ದಪ್ಪ ಕೋಟಿನ ಬದಲು ಮೂರು ಪದರ ಧರಿಸಿ: ಮೈಗಂಟಿದಂತೆ ಉಣ್ಣೆಯದೋ ಕೃತಕ ನೂಲಿನದೋ ಒಳಉಡುಪು, ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಬೆಚ್ಚನೆ ಬಟ್ಟೆ, ಹೊರಗೆ ನೀರು ನುಗ್ಗದ ಜಾಕೆಟ್ ಮತ್ತು ಪ್ಯಾಂಟ್. ಹೊರ ಜಾಕೆಟನ್ನೂ ಮೊಣಕಾಲಿನ ತನಕ ಬರುವ ರಬ್ಬರ್ ಬೂಟನ್ನೂ ಅನೇಕ ಹಡಗುಗಳು ತಾವೇ ಕೊಡುತ್ತವೆ, ಕೇಳಿಕೊಂಡು ಖರೀದಿಸಿ. ಹತ್ತಿಯ ಬನಿಯನ್ ಮತ್ತು ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಮೈಯ ಕಾವನ್ನೆಲ್ಲ ಹೀರುತ್ತವೆ. ರೇಷ್ಮೆಯ ತೆಳು ಒಳಉಡುಪು ನಿಜಕ್ಕೂ ಬೆಚ್ಚಗಿರುತ್ತದೆ. ಮೈಸೂರಿನವರಾಗಿ ಇಷ್ಟಾದರೂ ಹೇಳದಿದ್ದರೆ ಹೇಗೆ?

ಇನ್ನು ಜೈವಿಕ ಸುರಕ್ಷತೆ, ಅಂದರೆ ಹೊರಗಿನ ಬೀಜ, ಕೀಟ, ರೋಗಾಣುಗಳನ್ನು ಅಲ್ಲಿಗೆ ಒಯ್ಯದಿರುವ ಕಟ್ಟುನಿಟ್ಟು. ಜ್ವಾಲಾಮುಖಿಯ ಬಿಸಿಯಿಂದ ಡಿಸೆಪ್ಷನ್‌ನ ನೆಲ ಅಲ್ಲಲ್ಲಿ ಬೆಚ್ಚಗಿದ್ದು, ಪರದೇಶದ ಜೀವಿಗಳು ಸುಲಭವಾಗಿ ಬೇರೂರುತ್ತವೆ. ಹೊರಗಿನಿಂದ ಬಂದ ಸೂಕ್ಷ್ಮ ಕೀಟಗಳು ಅಲ್ಲಿ ಈಗಾಗಲೇ ನೆಲೆಸಿವೆ. ಹಡಗಿನಲ್ಲಿ ನಿಮ್ಮ ಹೊರಬಟ್ಟೆ, ಚೀಲ, ಕ್ಯಾಮೆರಾ ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿ ವ್ಯಾಕ್ಯೂಮ್ ಮಾಡಿಸುತ್ತಾರೆ. ನನ್ನ ಬೆನ್ನುಚೀಲದ ತಳದ ಹೊಲಿಗೆಯಿಂದ ಎರಡು ಸಾಸಿವೆ ಕಾಳು ಬಂದವು. ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕಿದ್ದ ಉತ್ತರಾಣಿಯ ಬೀಜವನ್ನು ಮಾರ್ಗದರ್ಶಿ ಚಿಮಟದಿಂದ ಎಳೆಯಬೇಕಾಯಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದಾಗ ಅಂಟಿಕೊಂಡದ್ದಿರಬೇಕು. ಊರಿನಲ್ಲೇ ಚೀಲವನ್ನು ತಲೆಕೆಳಗೆ ಮಾಡಿ ಕೊಡವಿ, ಹೊಲಿಗೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ವೆಲ್ಕ್ರೋವನ್ನು ಸೂಜಿಯಿಂದ ಬಿಡಿಸಿಕೊಂಡು ಹೋಗಿ. ತೋಟಕ್ಕೆ ಹಾಕಿಕೊಂಡು ಹೋಗುವ ಬೂಟನ್ನು ಒಯ್ಯಲೇಬೇಡಿ.

5. ಮೊಣಕಾಲಿನ ತಯಾರಿ

ಬೆಟ್ಟ ಹತ್ತುವ ಶಕ್ತಿಯೇನೂ ಬೇಕಿಲ್ಲ. ಅಲುಗಾಡುವ ಏಣಿಮೆಟ್ಟಿಲನ್ನು ಇಳಿದು, ಮೇಲೆ ಕೆಳಗೆ ಆಡುತ್ತಿರುವ ದೋಣಿಗೆ ಕಾಲಿಟ್ಟು, ಅದರ ದುಂಡು ಅಂಚಿನ ಮೇಲೆ ಕುಳಿತು ಕಾಲನ್ನು ಆಚೆ ತಿರುಗಿಸಲು ಬರಬೇಕು. ಎರಡು ತಿಂಗಳು ಮೊದಲಿನಿಂದ ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ನಂದಿಯ ತನಕ ಹತ್ತಿ, ಕಂಬಿ ಹಿಡಿಯದೆ ನಿಧಾನವಾಗಿ ಇಳಿದರೆ ಸಾಕು, ಇಳಿಯುವುದೇ ಮುಖ್ಯ. ಕೆಸರಿನಲ್ಲಿ ಬೂಟು ಕಚ್ಚಿಕೊಂಡಾಗ ಹಿಮ್ಮಡಿಯನ್ನು ಮೊದಲು ಎತ್ತಬೇಕೆಂದು ಗದ್ದೆಗೆ ಇಳಿದು ಬೆಳೆದ ಮಂಡ್ಯದವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

6. ಉಷುವಾಯಾ ತಲುಪುವುದು

ಬ್ಯುನೋಸ್ ಐರಿಸ್‌ನಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ನೀವು ಇಳಿಯುವುದು ಎಸೀಸಾದಲ್ಲಿ, ಉಷುವಾಯಾ ವಿಮಾನ ಅನೇಕ ಬಾರಿ ಹೊರಡುವುದು ಊರಿನ ಇನ್ನೊಂದು ಕಡೆಯ ಏರೋಪಾರ್ಕೆಯಿಂದ. ಇದನ್ನು ಗಮನಿಸದೆ ಎರಡು ಗಂಟೆಯ ಅಂತರದಲ್ಲಿ ಟಿಕೆಟ್ ಮಾಡಿಸುವವರು ಇಂದಿಗೂ ಇದ್ದಾರೆ. ದೇಶೀಯ ವಿಮಾನಗಳಲ್ಲಿ ಲಗೇಜಿನ ಮಿತಿಯೂ ಕಡಿಮೆ. ಹಡಗು ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ ಎರಡು ದಿನ ಮೊದಲೇ ಉಷುವಾಯಾದಲ್ಲಿರಿ. ಶುದ್ಧ ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಿದ್ದರೆ ಹಡಗಿನಲ್ಲಿ ಊಟಕ್ಕೆ ತೊಂದರೆಯಾಗುವುದಿಲ್ಲ.

7. ಡ್ರೇಕ್ ದಾಟುವ ಎರಡು ದಿನ

ದಕ್ಷಿಣ ಅಮೆರಿಕದ ತುದಿಗೂ ದಕ್ಷಿಣ ಷೆಟ್ಲೆಂಡ್‌ಗೂ ನಡುವೆ ಸುಮಾರು 800 ಕಿಲೋಮೀಟರ್ ಅಗಲದ ಈ ಜಲಮಾರ್ಗದಲ್ಲಿ ಗಾಳಿಯನ್ನು ತಡೆಯಲು ನೆಲವೇ ಇಲ್ಲ. ಸಮುದ್ರಬೇನೆಯ ಮಾತ್ರೆಯನ್ನು ಹೊಟ್ಟೆ ತೊಳಸಿದ ಮೇಲಲ್ಲ, ಹಡಗು ಉಷುವಾಯಾದ ಮುಂದಿರುವ ಬೀಗಲ್ ಕಾಲುವೆಯಿಂದ ಹೊರಬೀಳುವ ಮೊದಲೇ ನುಂಗಬೇಕು. ಯಾವ ಮಾತ್ರೆ ಎಂಬುದನ್ನು ನಿಮ್ಮ ವೈದ್ಯರೇ ಹೇಳಲಿ, ಏಕೆಂದರೆ ಕೆಲವು ಮಾತ್ರೆಗಳು ಗ್ಲಾಕೋಮಾ ಮತ್ತು ಪ್ರಾಸ್ಟೇಟ್ ತೊಂದರೆ ಇರುವವರಿಗೆ ಆಗುವುದಿಲ್ಲ. ಕ್ಯಾಬಿನ್ ಆರಿಸುವಾಗ ಕೆಳ ಅಂತಸ್ತಿನ ನಡುಭಾಗವನ್ನು ಕೇಳಿ, ತೂಗಾಟ ಅಲ್ಲಿ ಕಡಿಮೆ, ಬೆಲೆಯೂ ಕಡಿಮೆ. ಖಾಲಿ ಹೊಟ್ಟೆ ತುಂಬಿದ ಹೊಟ್ಟೆಯಷ್ಟೇ ಕೆಟ್ಟದ್ದು, ಒಣ ಬಿಸ್ಕತ್ತು ಕೈಗೆ ಸಿಗುವಂತಿರಲಿ. ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಲಿ. ಬಾಗಿಲಿನ ಚೌಕಟ್ಟನ್ನು ಮಾತ್ರ ಹಿಡಿಯಬೇಡಿ, ಹಡಗು ವಾಲಿ ಬಾಗಿಲು ಬಡಿದರೆ ಬೆರಳು ಹೋಗುತ್ತದೆ.

8. ರಬ್ಬರ್ ದೋಣಿ

ಜೋಡಿಯಾಕ್ ಎಂದು ಕರೆಯುವ ಗಾಳಿ ತುಂಬಿದ ದೋಣಿಯಲ್ಲಿ ಹತ್ತು ಜನರಂತೆ ಕರೆದೊಯ್ಯುತ್ತಾರೆ. ಹತ್ತುವಾಗ ಎರಡೂ ಕೈ ಖಾಲಿಯಾಗಿರಬೇಕು, ಕ್ಯಾಮೆರಾ ಚೀಲದೊಳಗಿರಬೇಕು. ನಾವಿಕ ಕೈ ಚಾಚಿದಾಗ ಅಂಗೈಯನ್ನಲ್ಲ, ಅವನ ಮುಂಗೈಯನ್ನು ಹಿಡಿಯಿರಿ. ಅವನೂ ನಿಮ್ಮ ಮುಂಗೈಯನ್ನು ಹಿಡಿಯುತ್ತಾನೆ, ಒದ್ದೆ ಕೈಗವಸು ಜಾರಿದರೂ ಹಿಡಿತ ತಪ್ಪುವುದಿಲ್ಲ. ದಡದಲ್ಲಿ ಮೊಣಕಾಲಿನ ಕೆಳಗಿನವರೆಗೆ ನೀರಿಗೆ ಇಳಿಯಬೇಕಾಗುತ್ತದೆ, ಇದಕ್ಕೆ ಒದ್ದೆ ಇಳಿತ ಎನ್ನುತ್ತಾರೆ. ಹೊರ ಪ್ಯಾಂಟು ಬೂಟಿನ ಮೇಲೆ ಬರಬೇಕು; ಬೂಟಿನೊಳಗೆ ತುರುಕಿದರೆ ಬೂಟಿನ ತುಂಬ ಸಮುದ್ರ.

9. ದ್ವೀಪದ ಮೇಲೆ

ದ್ವೀಪದೊಳಕ್ಕೆ ಇರುವ ಒಂದೇ ದಾರಿ ನೆಪ್ಚೂನ್ಸ್ ಬೆಲ್ಲೋಸ್ ಎಂಬ ಇಕ್ಕಟ್ಟಿನ ಕಂಡಿ. ಅದರ ನಟ್ಟನಡುವೆ ನೀರಿನಿಂದ ಕೇವಲ ಎರಡೂವರೆ ಮೀಟರ್ ಕೆಳಗೆ ರಾವ್ನ್ ಎಂಬ ಬಂಡೆ ಅಡಗಿದೆ, ಆದ್ದರಿಂದ ಹಡಗು ಒಂದು ಪಕ್ಕಕ್ಕೆ ಸರಿದು ಬಂಡೆಗೋಡೆಗೆ ಮೈ ತಾಗಿತೇನೋ ಎಂಬಷ್ಟು ಹತ್ತಿರ ಹೋಗುತ್ತದೆ. 2007ರ ಜನವರಿಯಲ್ಲಿ ಈ ದ್ವೀಪದಲ್ಲಿ ಪ್ರವಾಸಿ ಹಡಗೊಂದರ ತಳ ಬಂಡೆಗೆ ಉಜ್ಜಿ ಇಂಧನ ಸೋರಿತ್ತು. ಗಾಳಿ ಜೋರಾಗಿದ್ದು ಕ್ಯಾಪ್ಟನ್ ಹಿಂದಿರುಗಿಸಿದರೆ ಅವರ ಮೇಲೆ ಮುನಿಸಿಕೊಳ್ಳಬೇಡಿ. ಹವೆ ಒಳ್ಳೆಯದಿದ್ದರೆ ಈ ಹದಿನೈದು ನಿಮಿಷ ಕ್ಯಾಬಿನ್‌ನಲ್ಲಿ ಕೂರದೆ ಮೇಲಟ್ಟಕ್ಕೆ ಬನ್ನಿ.

ಒಳಗೆ ಬಲಕ್ಕೆ ತಿರುಗಿದರೆ ವೇಲರ್ಸ್ ಬೇ. 1912ರಿಂದ 1931ರವರೆಗೆ ನಾರ್ವೆಯ ಕಂಪನಿಯೊಂದು ಇಲ್ಲಿ ತಿಮಿಂಗಿಲಗಳನ್ನು ಬೇಯಿಸಿ ಎಣ್ಣೆ ತೆಗೆಯುತ್ತಿತ್ತು. ತುಕ್ಕು ಹಿಡಿದ ಬಾಯ್ಲರ್‌ಗಳು, ಮನೆಯಷ್ಟೆತ್ತರದ ಎಣ್ಣೆ ಟ್ಯಾಂಕುಗಳು, ಅರ್ಧ ಹೂತ ಮರದ ದೋಣಿಗಳು ಕರಿಮರಳಿನಲ್ಲಿ ನಿಂತಿವೆ. ನೀರಿನಂಚಿನಲ್ಲಿ ತೆಳ್ಳಗೆ ಹಬೆ ಏಳುತ್ತಿರುತ್ತದೆ, ಗಂಧಕದ ವಾಸನೆ ಬರುತ್ತದೆ. ಕೈಗವಸು ಬಿಚ್ಚಿ ಮರಳನ್ನು ಮುಟ್ಟಿನೋಡುವ ಆಸೆಯಾದರೆ ಒಂದು ಬೆರಳಿನಿಂದ ಮಾತ್ರ ಮುಟ್ಟಿ. ಒಂದೆಡೆ ತಣ್ಣಗಿರುವ ಮರಳು ಒಂದಡಿಯಾಚೆ ಸುಡಬಹುದು. ಗುಂಡಿ ತೋಡಿ ಬಿಸಿನೀರಿನಲ್ಲಿ ಕೂರುವ ಹಳೆಯ ಚಿತ್ರಗಳನ್ನು ನೋಡಿ ಹೋಗಬೇಡಿ, ಈಗ ತೋಡಲು ಬಿಡುವುದಿಲ್ಲ.

ಈ ನೆಲ ಯಾಕೆ ಹೀಗೆ ಪಾಳುಬಿದ್ದಿದೆ ಎಂಬುದಕ್ಕೆ ಉತ್ತರವೂ ಅಲ್ಲೇ ಕಾಣುತ್ತದೆ. 1967ರ ಡಿಸೆಂಬರ್, 1969ರ ಫೆಬ್ರುವರಿ ಮತ್ತು 1970ರ ಆಗಸ್ಟ್‌ನಲ್ಲಿ ಜ್ವಾಲಾಮುಖಿ ಸಿಡಿಯಿತು. ಮೊದಲ ಸ್ಫೋಟ ಚಿಲಿಯ ನಿಲ್ದಾಣವನ್ನು ನಾಶಮಾಡಿತು. 1969ರಲ್ಲಿ ಕರಗಿದ ಹಿಮವೂ ಬೂದಿಯೂ ಕೆಸರಿನ ಹೊಳೆಯಾಗಿ ಹರಿದು ಬ್ರಿಟಿಷ್ ನೆಲೆಯನ್ನು ಹೊಡೆದು, 35 ಸಮಾಧಿಗಳಿದ್ದ ಸ್ಮಶಾನವನ್ನು ಹೂತುಹಾಕಿತು. ಈಗ ನಡೆಯುವಾಗ ನಿಮ್ಮ ಕಾಲಡಿಯಲ್ಲೇ ಅವು ಇರಬಹುದು. ಇದು ಸಂರಕ್ಷಿತ ಐತಿಹಾಸಿಕ ಸ್ಥಳ. ಕಟ್ಟಡಗಳೊಳಗೆ ಹೋಗಬೇಡಿ, ಟ್ಯಾಂಕಿಗೆ ಒರಗಬೇಡಿ. ಎಲುಬು, ಮೊಳೆ, ಕಲ್ಲು ಯಾವುದನ್ನೂ ಜೇಬಿಗೆ ಹಾಕಬೇಡಿ. ಹಡಗಿನಿಂದ ವಾಪಸಾಗುವ ಸೂಚನೆ ಬಂದರೆ ಫೋಟೋ ಬಿಟ್ಟು ದೋಣಿಯತ್ತ ಬನ್ನಿ.

ಪ್ರಾಣಿಗಳಿಂದ ಕಾಯಬೇಕಾದ ದೂರ ಪೆಂಗ್ವಿನ್ನಿಗೆ 5 ಮೀಟರ್, ತುಪ್ಪಳದ ಸೀಲ್‌ಗೆ 15 ಮೀಟರ್. ರಂಗನತಿಟ್ಟಿನಲ್ಲಿ ಅಂಬಿಗನಿಗೆ ಇನ್ನೂ ಹತ್ತಿರ ಹೋಗಪ್ಪಾ ಎಂದು ಹೇಳಿ ರೂಢಿಯಾದ ನಮಗೆ ಇದು ಕಷ್ಟವೇ. ಪೆಂಗ್ವಿನ್ ತಾನಾಗಿ ಹತ್ತಿರ ಬಂದರೆ ಅಲುಗದೆ ನಿಲ್ಲಿ, ಅದು ದಾರಿ ದಾಟುವಾಗ ನೀವು ನಿಂತು ಕಾಯಿರಿ. ಮರಳಿನಲ್ಲಿ ಕಲ್ಲಿನಂತೆ ಬಿದ್ದಿರುವ ಸೀಲ್ ಎದ್ದು ನಮಗಿಂತ ವೇಗವಾಗಿ ಓಡಬಲ್ಲದು. ಬೆನ್ನು ತೋರಿಸಿ ಓಡದೆ ಮಾರ್ಗದರ್ಶಿಯನ್ನು ಕೂಗಿ ನಿಧಾನವಾಗಿ ಹಿಂದೆ ಸರಿಯಿರಿ. 2024ರ ಫೆಬ್ರುವರಿಯಲ್ಲಿ ಪರ್ಯಾಯದ್ವೀಪದ ಭಾಗದಲ್ಲಿ ಹಕ್ಕಿಜ್ವರ ದೃಢಪಟ್ಟ ಮೇಲೆ ನೆಲದ ಮೇಲೆ ಕೂರುವುದು, ಮಂಡಿಯೂರುವುದು, ಚೀಲ ಇಡುವುದಕ್ಕೆಲ್ಲ ತಡೆಯಿದೆ. ತಿಂಡಿ ತರುವಂತಿಲ್ಲ, ಡ್ರೋನ್ ಹಾರಿಸುವಂತಿಲ್ಲ. ಹಡಗಿನಿಂದ ಹೊರಡುವ ಮೊದಲೇ ಶೌಚಾಲಯಕ್ಕೆ ಹೋಗಿಬನ್ನಿ.

ಸಮಯ ಉಳಿದಿದ್ದರೆ ದಡದುದ್ದಕ್ಕೂ ನಡೆದು ನೆಪ್ಚೂನ್ಸ್ ವಿಂಡೋ ಎಂಬ ಗೋಡೆಬಿರುಕಿಗೆ ಹತ್ತಿ. ಅಲ್ಲಿಂದ ಹೊರಗಿನ ತೆರೆದ ಸಮುದ್ರ ಕಾಣುತ್ತದೆ. ನನಗಿದು ತುಕ್ಕಿನ ಟ್ಯಾಂಕುಗಳಿಗಿಂತ ಹೆಚ್ಚು ಇಷ್ಟವಾಯಿತು. 1928ರ ನವೆಂಬರ್ 16ರಂದು ಆಸ್ಟ್ರೇಲಿಯಾದ ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಅಂಟಾರ್ಕ್ಟಿಕದ ಮೊದಲ ವಿಮಾನ ಹಾರಾಟ ನಡೆಸಿದ್ದು ಇದೇ ದ್ವೀಪದಿಂದ. ಕೆಲವು ಹಡಗುಗಳು ಸಮುದ್ರಸ್ನಾನಕ್ಕೂ ಇಲ್ಲಿ ಅವಕಾಶ ಕೊಡುತ್ತವೆ. ಬಿಸಿ ಇರುವುದು ದಡದ ಅಂಗೈ ಆಳದ ನೀರಿನಲ್ಲಿ ಮಾತ್ರ, ಎರಡು ಹೆಜ್ಜೆ ಮುಂದಿಟ್ಟರೆ ಹಿಮನೀರು. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ದಡದಲ್ಲಿದ್ದು ನಗುವುದು ಒಳ್ಳೆಯದು.

10. ಹಿಂದಿರುಗುವಾಗ

ಹಡಗಿಗೆ ಮರಳಿದ ಕೂಡಲೇ ಬೂಟನ್ನು ಬ್ರಷ್ಷಿನಿಂದ ಉಜ್ಜಿ ಸೋಂಕುನಿವಾರಕದಲ್ಲಿ ಅದ್ದಬೇಕು, ಏಕೆಂದರೆ ಈ ದ್ವೀಪದ ಕೀಟ ಮುಂದಿನ ದ್ವೀಪಕ್ಕೂ ಹೋಗಬಾರದು. ನಿಮ್ಮ ಗುರುತಿನ ಕಾರ್ಡನ್ನು ಬಾಗಿಲಲ್ಲಿ ಸ್ಕ್ಯಾನ್ ಮಾಡಿಸುವುದನ್ನು ಮರೆತರೆ ನೀವಿನ್ನೂ ದಡದಲ್ಲೇ ಇದ್ದೀರೆಂದು ಹುಡುಕಾಟ ನಡೆಯುತ್ತದೆ. ಕೊನೆಗೆ, ಬೆಂಗಳೂರಿನಲ್ಲಿ ಇಳಿದಾಗ ಹಳದಿ ಜ್ವರದ ಪ್ರಮಾಣಪತ್ರವನ್ನು ಆರೋಗ್ಯ ತಪಾಸಣೆಯವರು ಇಮಿಗ್ರೇಷನ್‌ಗೆ ಮೊದಲೇ ಕೇಳಬಹುದು. ಲಗೇಜು ಕೈಗೆ ಬರುವುದು ಆಮೇಲೆ. ಹಾಗಾಗಿ ಆ ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಗೇ ಇರಲಿ.